ಮೊದಲೇ ಹೇಳಿಬಿಡುವ ಡಾಕ್ಟರು

ನೀರಿನ ಬಟ್ಟಲು ಬೇಗ ಬೇಗ ಬರಿದಾಗುತ್ತಿದೆ ಎಂಬುದೊಂದೇ ಸುಳಿವು. ಚಿನ್ನಿ ಊಟ ಬಿಟ್ಟಿರಲಿಲ್ಲ, ಮೂಲೆ ಹಿಡಿದಿರಲಿಲ್ಲ, ಕಿಟಕಿಯ ಕಟ್ಟೆಗೆ ಹಾರುವುದನ್ನೂ ನಿಲ್ಲಿಸಿರಲಿಲ್ಲ. ಹದಿನಾಲ್ಕು ವರ್ಷದ ಬೆಕ್ಕಿಗೆ ಬಾಯಾರಿಕೆ ಹೆಚ್ಚಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸುಲಭ. ಆದರೆ ಮರಳಿನ ತಟ್ಟೆ ಶುಚಿ ಮಾಡುವವರಿಗೆ ಕೆಲವು ವಿಷಯಗಳು ಬೇಡವೆಂದರೂ ತಿಳಿಯುತ್ತವೆ. ಮೂತ್ರ ಹೀರಿಕೊಂಡ ಮರಳಿನ ಹೆಂಟೆಗಳು ದಪ್ಪವಾಗಿದ್ದವು, ಎಣಿಕೆಯಲ್ಲೂ ಹೆಚ್ಚಿದ್ದವು. ಮುದಿ ಬೆಕ್ಕು ಹೆಚ್ಚು ಕುಡಿದು ಹೆಚ್ಚು ಮೂತ್ರ ಮಾಡಿದರೆ ಪಶುವೈದ್ಯರ ಅನುಮಾನ ಮೊದಲು ಹೋಗುವುದು ಮೂರು ಕಡೆಗೆ: ಮೂತ್ರಪಿಂಡ, ಸಕ್ಕರೆ ಕಾಯಿಲೆ, ಥೈರಾಯ್ಡ್. ಇದು ನನಗೆ ಆಮೇಲೆ ಗೊತ್ತಾದದ್ದು. ಆ ಹೊತ್ತಿಗೆ ಫೋನ್ ಮಾಡಬೇಕು ಎಂಬುದಷ್ಟೇ ಹೊಳೆದಿತ್ತು.

ಫೋನ್ ಎತ್ತಿದವರು ಡಾಕ್ಟರಮ್ಮನೇ. ಅವರದು ಸ್ವಂತ ಚಿಕಿತ್ಸಾಲಯ. ಒಬ್ಬರೇ ವೈದ್ಯರು, ಇಬ್ಬರು ಸಹಾಯಕರು, ಎರಡು ಕೋಣೆ. ನಮ್ಮ ನಾಯಿ ಭೈರ ಮರಿಯಾಗಿದ್ದಾಗಿನಿಂದ ಅಲ್ಲಿಗೇ ಹೋಗುತ್ತಿದ್ದ, ಬಾಲ ಅಲ್ಲಾಡಿಸಿಕೊಂಡೇ ಹೋಗುತ್ತಿದ್ದ. ಚಿನ್ನಿಯದು ಬೇರೆ ಕಥೆ. ಬುಟ್ಟಿಯನ್ನು ಅಟ್ಟದಿಂದ ಇಳಿಸಿದ ಸದ್ದಿಗೇ ಅವಳು ಮಂಚದಡಿಯ ಕೈಗೆಟುಕದ ಮೂಲೆ ಸೇರುತ್ತಿದ್ದಳು. ಇದನ್ನು ಹೇಳಿದಾಗ ಡಾಕ್ಟರಮ್ಮ ಕೇಳಿದರು: "ಬುಟ್ಟಿಯನ್ನು ಅಟ್ಟದ ಮೇಲೆ ಏಕೆ ಇಡುತ್ತೀರಿ? ಇವತ್ತೇ ಕೆಳಗಿಳಿಸಿ, ಬಾಗಿಲು ತೆಗೆದು, ಅವಳು ಮಲಗುವ ಬಟ್ಟೆಯನ್ನು ಒಳಗೆ ಹಾಸಿ, ನಡುಮನೆಯಲ್ಲಿ ಬಿಟ್ಟುಬಿಡಿ. ಅದು ಪೀಠೋಪಕರಣ ಎಂದು ಅವಳಿಗೆ ಅನ್ನಿಸಬೇಕು. ಅವಳು ಅದರೊಳಗೆ ನಿದ್ದೆ ಮಾಡಿದ ಮೇಲೆ ನನಗೆ ಫೋನ್ ಮಾಡಿ."

ಊಟ ಬಿಟ್ಟಿದ್ದರೆ, ವಾಂತಿಯಾಗುತ್ತಿದ್ದರೆ, ಮೂತ್ರ ಕಟ್ಟಿದ್ದರೆ ಹೀಗೆ ಕಾಯುವಂತಿರಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದರು. ಹೊರಡುವ ಎರಡು ಗಂಟೆ ಮೊದಲು ಕೊಡಲು ಗ್ಯಾಬಪೆಂಟಿನ್ ಎಂಬ ಔಷಧಿ ಬರೆದುಕೊಟ್ಟರು. ಬೆಕ್ಕಿನ ಪ್ರಯಾಣದ ಭಯ ತಗ್ಗಿಸಲು ಅದನ್ನು ಈಗ ಎಲ್ಲೆಡೆ ಬಳಸುತ್ತಾರೆ. ಅದು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅಲ್ಲೇ ತೊಂದರೆ ಇರಬಹುದೆಂಬ ಶಂಕೆ ಇದ್ದುದರಿಂದ ಪ್ರಮಾಣವನ್ನು ತಗ್ಗಿಸಿ ಬರೆದಿದ್ದರು. ಪ್ರಾಣಿಯನ್ನು ಮುಟ್ಟುವ ಮೊದಲೇ ಇಷ್ಟೆಲ್ಲ ಯೋಚಿಸುವವರನ್ನು ನಾನು ಮನುಷ್ಯರ ಆಸ್ಪತ್ರೆಯಲ್ಲೂ ಹೆಚ್ಚು ಕಂಡಿಲ್ಲ.

ನಮಗೆ ಕೊಟ್ಟದ್ದು ಮಧ್ಯಾಹ್ನದ ಸಮಯ, ಆ ಹೊತ್ತಿನಲ್ಲಿ ನಾಯಿಗಳನ್ನು ಕರೆಸುವುದಿಲ್ಲ. ಬುಟ್ಟಿಯನ್ನು ನೆಲದ ಮೇಲಿಡಬೇಡಿ ಎಂದು ಸಹಾಯಕಿ ಎತ್ತರದ ಕಟ್ಟೆಯೊಂದನ್ನು ತೋರಿಸಿ, ಮೇಲೆ ಟವೆಲ್ ಹೊದಿಸಿದರು. ಒಳಗೆ ಕರೆದ ಮೇಲೆ ಚಿನ್ನಿಯನ್ನು ಯಾರೂ ಎಳೆದು ಹೊರತೆಗೆಯಲಿಲ್ಲ. ಬುಟ್ಟಿಯ ಮೇಲಿನ ಅರ್ಧವನ್ನು ಕಳಚಿ ತೆಗೆದರು. ಅವಳು ತನ್ನ ಬಟ್ಟೆಯ ಮೇಲೆ, ಕೆಳಗಿನ ಅರ್ಧದಲ್ಲಿ, ಕುಳಿತಲ್ಲೇ ಕುಳಿತಳು. ಡಾಕ್ಟರಮ್ಮ ಕೂಡಲೇ ಹತ್ತಿರ ಬರದೆ ಗೋಡೆಯ ಬದಿ ನಿಂತು ಅವಳ ಪಕ್ಕೆ ಏರಿಳಿಯುವುದನ್ನು ಎಣಿಸುತ್ತ ನನ್ನೊಡನೆ ಮಾತನಾಡುತ್ತಿದ್ದರು. ಅವರು ಕಣ್ಣಿಟ್ಟು ನೋಡಿದ್ದು ಬೆಕ್ಕನ್ನು, ಮುಖ ಮಾಡಿದ್ದು ನನ್ನ ಕಡೆಗೆ. ಅಪರಿಚಿತರು ನೆಟ್ಟ ನೋಟದಿಂದ ನೋಡಿದರೆ ಬೆಕ್ಕು ಅದನ್ನು ಬೆದರಿಕೆ ಎಂದು ತಿಳಿಯುತ್ತದೆ.

ಮೊದಲು ಮಾಡಿದ್ದು ರಕ್ತದೊತ್ತಡದ ಪರೀಕ್ಷೆ. ಸೂಜಿ ಚುಚ್ಚಿದ ಮೇಲೆ ನೋಡಿದರೆ ಒತ್ತಡ ಹೆಚ್ಚಿಯೇ ಇರುತ್ತದೆ, ಆ ಅಂಕಿಗೆ ಅರ್ಥವಿಲ್ಲ. ಬಾಲದ ಬುಡಕ್ಕೆ ಬೆರಳಗಲದ ಪಟ್ಟಿ ಸುತ್ತಿದರು. ನಾಡಿಯ ಸದ್ದು ಹಿಡಿಯುವ ಡಾಪ್ಲರ್ ಯಂತ್ರ ಗೊರಗೊರ ಅನ್ನುತ್ತದೆ, ಅದು ಬೆಕ್ಕಿಗೆ ಕೇಳಬಾರದೆಂದು ಡಾಕ್ಟರಮ್ಮ ಹೆಡ್‌ಫೋನ್ ಹಾಕಿಕೊಂಡರು. ಮೊದಲ ಅಂಕಿಯನ್ನು ಕೈಬಿಟ್ಟು, ಮತ್ತೆ ಮತ್ತೆ ಅಳೆದು ಸರಾಸರಿ ತೆಗೆದರು. 172. ಬೆಕ್ಕಿನಲ್ಲಿ 160 ದಾಟಿದರೆ ಏರೊತ್ತಡ ಎಂದು ಲೆಕ್ಕ. ಅದು ಹಾಗೆಯೇ ಉಳಿದರೆ ಕಣ್ಣಿನ ಅಕ್ಷಿಪಟಲ ಕಳಚಿ ಒಂದೇ ರಾತ್ರಿಯಲ್ಲಿ ದೃಷ್ಟಿ ಹೋಗಬಹುದು. ದೀಪ ಆರಿಸಿ ಕಣ್ಣಿನೊಳಗನ್ನೂ ನೋಡಿದರು. ಸದ್ಯಕ್ಕೆ ಅಲ್ಲಿ ಹಾನಿ ಇರಲಿಲ್ಲ.

ಆಮೇಲೆ ಬೆರಳುಗಳಿಂದ ಹೊಟ್ಟೆ ಹಿಡಿದು ನೋಡಿ, "ಎರಡೂ ಕಿಡ್ನಿ ಚಿಕ್ಕದಾಗಿವೆ" ಎಂದರು. ಕತ್ತಿನಲ್ಲಿ ಥೈರಾಯ್ಡ್ ಗಂಟು ಸಿಗುತ್ತದೆಯೇ ಎಂದು ತಡಕಿದರು, ತುಟಿ ಮೇಲೆತ್ತಿ ಹಲ್ಲು ನೋಡಿದರು. ತೂಕ 3.9 ಕಿಲೋ. ಹಿಂದಿನ ಲಸಿಕೆಯ ದಿನ 4.6 ಇತ್ತು ಎಂದು ಅವರ ಕಡತ ಹೇಳುತ್ತಿತ್ತು. ಏಳುನೂರು ಗ್ರಾಂ ನಮಗೆ ಲೆಕ್ಕಕ್ಕಿಲ್ಲ, ಅವಳ ಮೈಯಲ್ಲಿ ಅದು ಆರೇಳರಲ್ಲಿ ಒಂದು ಪಾಲು. ದಟ್ಟ ಕೂದಲಿನಡಿ ಅದು ನನ್ನ ಕಣ್ಣಿಗೆ ಬೀಳುವಂತಿರಲಿಲ್ಲ. ವರ್ಷಗಳಿಂದ ಒಂದೇ ತಕ್ಕಡಿಯಲ್ಲಿ ತೂಗಿ ಒಂದೇ ಕೈ ಬರೆದಿಟ್ಟ ಕಡತ ಇದ್ದುದರಿಂದ ಅದು ಕಾಣಿಸಿತು.

ರಕ್ತವನ್ನು ಕತ್ತಿನಿಂದ ತೆಗೆಯಲಿಲ್ಲ. ಅವಳನ್ನು ಟವೆಲ್ಲಿನಲ್ಲಿ ಸುತ್ತಿ, ಹಿಂಗಾಲೊಂದನ್ನು ಮಾತ್ರ ಹೊರಗಿಟ್ಟು, ಅದರ ಒಳಬದಿಯ ರಕ್ತನಾಳದಿಂದ ತೆಗೆದರು. ತಲೆ ನನ್ನ ಅಂಗೈಯಲ್ಲೇ ಇತ್ತು. ಮೂತ್ರವನ್ನು ಸ್ಕ್ಯಾನ್ ಪರದೆ ನೋಡುತ್ತ ತೆಳು ಸೂಜಿಯಿಂದ ನೇರವಾಗಿ ಮೂತ್ರಕೋಶದಿಂದಲೇ ತೆಗೆದರು. ಕೇಳಲು ಭಯಂಕರ, ನೋಡಲು ಕ್ಷಣದ ಕೆಲಸ. ಪ್ರತಿಯೊಂದಕ್ಕೂ ಮುಂಚೆ, "ಈಗ ಹೀಗೆ ಮಾಡುತ್ತೇನೆ, ಅವಳು ಒಮ್ಮೆ ಮಿಸುಕಬಹುದು" ಎಂದು ನನಗೆ ಹೇಳುತ್ತಿದ್ದರು. ಚಿನ್ನಿಗೆ ಆ ಮಾತು ಅರ್ಥವಾಗುವುದಿಲ್ಲ. ಆದರೆ ನನ್ನ ಕೈ ಬಿಗಿಯಾದರೆ ಅವಳಿಗೆ ತಿಳಿಯುತ್ತದೆ. ಆ ಮಾತು ನನ್ನ ಕೈಗೆ ಹೇಳಿದ ಮಾತು.

ಫಲಿತಾಂಶವನ್ನು ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು, ಕರೆಸಿ ಕೂರಿಸಿ ಹೇಳಿದರು. ಮೂತ್ರಪಿಂಡ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಕ್ರಿಯಾಟಿನಿನ್ 3.1. ಆರೋಗ್ಯವಂತ ಬೆಕ್ಕಿನ ಗಟ್ಟಿ ಮೂತ್ರದ ಸಾಂದ್ರತೆ ಸಾಮಾನ್ಯವಾಗಿ 1.035 ದಾಟಿರುತ್ತದೆ, ಇವಳದು 1.014. ಸಕ್ಕರೆ, ಥೈರಾಯ್ಡ್ ಎರಡೂ ಸರಿ ಇದ್ದವು. ಒಂದು ಹಾಳೆ ತೆಗೆದುಕೊಂಡು ಹುರುಳಿಕಾಳಿನಂಥ ಎರಡು ಚಿತ್ರ ಬರೆದು, ಮುಕ್ಕಾಲು ಭಾಗಕ್ಕೆ ಗೀಟು ಹಾಕಿ ಹೇಳಿದರು: "ಮೂತ್ರಪಿಂಡದ ಕೆಲಸ ಇಷ್ಟು ಕುಂದುವ ತನಕ ಕ್ರಿಯಾಟಿನಿನ್ ಏರುವುದೇ ಇಲ್ಲ. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ನಿಧಾನವಾಗಿ ಖರ್ಚು ಮಾಡುವುದು ನಮ್ಮ ಕೆಲಸ." ಐರಿಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಸಂಘ ಈ ಕಾಯಿಲೆಗೆ ನಾಲ್ಕು ಹಂತ ಗುರುತಿಸಿದೆ. ಬೆಕ್ಕಿನಲ್ಲಿ ಕ್ರಿಯಾಟಿನಿನ್ 2.9ರಿಂದ 5.0ರ ತನಕ ಮೂರನೆಯ ಹಂತ.

ಒಂದೇ ಒಂದು ಪ್ರಶ್ನೆ ಕೇಳಿದೆ, ಎಷ್ಟು ದಿನ ಎಂದು. ಅವರು ನುಣುಚಿಕೊಳ್ಳಲಿಲ್ಲ. ಈ ಹಂತದಲ್ಲಿ ಕೆಲವು ಬೆಕ್ಕುಗಳು ತಿಂಗಳುಗಳಲ್ಲೇ ಇಳಿದುಹೋಗುತ್ತವೆ, ಕೆಲವು ವರ್ಷಗಟ್ಟಲೆ ಚೆನ್ನಾಗಿರುತ್ತವೆ, ಚಿನ್ನಿ ಯಾವ ಗುಂಪಿನವಳು ಎಂಬುದು ಮುಂದಿನ ಎರಡು ಮೂರು ಪರೀಕ್ಷೆಗಳ ಹೊತ್ತಿಗೆ ಗೊತ್ತಾಗುತ್ತದೆ ಎಂದರು. "ಏನೂ ಆಗುವುದಿಲ್ಲ, ಚಿಂತೆ ಮಾಡಬೇಡಿ" ಎಂಬ ಮಾತು ಬರಲಿಲ್ಲ. ಆ ಮಾತನ್ನು ಹೇಳುವವರ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಸಿಟ್ಟು. ಚಿಂತೆಯನ್ನು ಅದು ಕಡಿಮೆ ಮಾಡುವುದಿಲ್ಲ, ಒಂಟಿ ಮಾಡುತ್ತದೆ.

ಒತ್ತಡವನ್ನು ಎರಡನೆಯ ಭೇಟಿಯಲ್ಲೂ ಅಳೆದು, ಇಳಿದಿಲ್ಲವೆಂದು ಖಚಿತವಾದ ಮೇಲೆ ಆಮ್ಲೋಡಿಪಿನ್ ಮಾತ್ರೆಯ ಚೂರು ಶುರುವಾಯಿತು. ಮೂತ್ರಪಿಂಡಕ್ಕೆ ಹೊರೆಯಾಗದಂತೆ ಫಾಸ್ಫರಸ್ ಕಡಿಮೆಯಿರುವ ಆಹಾರಕ್ಕೆ ಬದಲಾಯಿಸುವುದು ಮಾತ್ರೆಗಿಂತ ಕಷ್ಟದ ಕೆಲಸ. ಹಳೆಯದರಲ್ಲಿ ಹೊಸದನ್ನು ಚಿಟಿಕೆಯಿಂದ ಆರಂಭಿಸಿ, ವಾರಗಳ ತನಕ ಬೆರೆಸುತ್ತ ಹೋಗಬೇಕು. ಹೊಟ್ಟೆ ತೊಳಸುತ್ತಿರುವ ದಿನ ಹೊಸ ಆಹಾರ ಇಟ್ಟರೆ ಬೆಕ್ಕು ತನ್ನ ಸಂಕಟವನ್ನು ಆ ವಾಸನೆಗೆ ಗಂಟು ಹಾಕುತ್ತದೆ, ಆಮೇಲೆ ಅದನ್ನು ಮೂಸಿಯೂ ನೋಡುವುದಿಲ್ಲ. ಡಾಕ್ಟರಮ್ಮ ಒಂದು ಮಾತನ್ನು ಒತ್ತಿ ಹೇಳಿದ್ದರು: "ತಿನ್ನದ ಒಳ್ಳೆಯ ಆಹಾರಕ್ಕಿಂತ ತಿನ್ನುವ ಸಾಧಾರಣ ಆಹಾರ ಮೇಲು."

ಚರ್ಮದಡಿ ದ್ರವ ಕೊಡುವುದನ್ನು ಕಲಿತದ್ದು ಮಾತ್ರ ನನ್ನ ಪಾಲಿಗೆ ದೊಡ್ಡ ಪಾಠ. ಚಿನ್ನಿಯ ದೇಹ ನೀರನ್ನು ಹಿಡಿದಿಟ್ಟುಕೊಳ್ಳಲಾರದು, ಕುಡಿದದ್ದು ಸಾಲದಾಗುತ್ತ ಬಂತು. ವಾರದಲ್ಲಿ ಕೆಲವು ದಿನ ರಿಂಗರ್ ಲ್ಯಾಕ್ಟೇಟ್ ದ್ರಾವಣವನ್ನು ಹೆಗಲ ನಡುವಿನ ಸಡಿಲ ಚರ್ಮದಡಿ ಬಿಡಬೇಕು. ಪ್ರತಿ ಸಲ ಅವಳನ್ನು ಹೊತ್ತು ತಂದರೆ ಪ್ರಯಾಣದ ಗಾಬರಿಯೇ ಲಾಭವನ್ನು ತಿಂದುಹಾಕುತ್ತದೆ, ನೀವೇ ಕಲಿಯಿರಿ ಎಂದರು. ತಮ್ಮ ಆದಾಯ ಹೋಗುತ್ತದೆ ಎಂಬ ಯೋಚನೆ ಅವರ ಮುಖದಲ್ಲಿ ಸುಳಿಯಲೂ ಇಲ್ಲ. ಸ್ವತಂತ್ರವಾಗಿ ನಡೆಸುವವರಿಗೆ ಹೀಗೆ ನಿರ್ಧರಿಸಲು ಯಾರ ಅಪ್ಪಣೆಯೂ ಬೇಡ. ಹಾಗೆಂದು ಸ್ವಂತ ಚಿಕಿತ್ಸಾಲಯಗಳೆಲ್ಲ ತಾವಾಗಿಯೇ ಒಳ್ಳೆಯವು ಎಂದು ನಾನು ಹೇಳಲಾರೆ. ಒಬ್ಬರೇ ಇರುವಲ್ಲಿ ಅವರ ಗುಣವೇ ನಿಯಮ, ಅವರ ದೋಷವೂ ನಿಯಮವೇ.

ಕಲಿಸಿದವರು ಸಹಾಯಕಿ. ಮೊದಲ ದಿನ ಚಿನ್ನಿಯನ್ನು ಮುಟ್ಟಲು ಬಿಡದೆ ಮಡಿಸಿದ ಟವೆಲ್ ಕೊಟ್ಟರು. ಅದನ್ನು ಎರಡು ಬೆರಳಲ್ಲಿ ಎತ್ತಿ ಗುಡಾರದಂತೆ ಮಾಡಿ, ಆ ಗುಡಾರದ ಬಾಗಿಲಿಗೆ ಸೂಜಿ ಹಾಯಿಸುವುದು. ಸೂಜಿಯ ಓರೆ ಮುಖ ಮೇಲಕ್ಕಿರಬೇಕು. ಅಳುಕುತ್ತ ನಿಧಾನವಾಗಿ ಚುಚ್ಚಿದರೆ ಹೆಚ್ಚು ನೋವು, ಒಂದೇ ಸಲಕ್ಕೆ ಸರಾಗವಾಗಿ ಹೋಗಬೇಕು. ಸೂಜಿ ಸಣ್ಣದಾದಷ್ಟೂ ಒಳ್ಳೆಯದು ಎಂದು ನಾನು ತಿಳಿದಿದ್ದೆ. ಅವರು ತಿದ್ದಿದರು: ತೀರಾ ಸಣ್ಣ ಸೂಜಿಯಲ್ಲಿ ದ್ರವ ಇಳಿಯಲು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ಬೆಕ್ಕು ಕೂರುವುದಿಲ್ಲ. ಚೀಲವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿಟ್ಟು, ನನ್ನ ಮಣಿಕಟ್ಟಿಗೆ ತಾಗಿಸಿ ನೋಡಿದ ಮೇಲೆಯೇ ಬಳಸಬೇಕು. ನೂರು ಮಿಲಿ ಇಳಿದ ಮೇಲೆ ಹೆಗಲ ಮೇಲೊಂದು ಗುಬುಟು ಏಳುತ್ತದೆ, ಅದು ಮುಂಗಾಲಿನ ಕಡೆ ಜಾರಿ ಆಕಾರಗೆಟ್ಟು ಕಾಣುತ್ತದೆ, ಗಾಬರಿಯಾಗಬೇಡಿ, ಕೆಲವು ಗಂಟೆಗಳಲ್ಲಿ ಹೀರಿಕೊಳ್ಳುತ್ತದೆ ಎಂದೂ ಹೇಳಿದ್ದರು. ಮನೆಯಲ್ಲಿ ಆ ಗುಬುಟು ಜಾರಿದಾಗ ನಾನು ಯಾರಿಗೂ ಫೋನ್ ಮಾಡಲಿಲ್ಲ.

ಹೀಗೆ ಚಿನ್ನಿಯ ಬದುಕು ಒಂದು ದಾರಿಗೆ ಬಂದಿತ್ತು. ಆಗ ಕುಸಿದವನು ಭೈರ.

ರಾತ್ರಿಯ ಊಟದ ಹೊತ್ತಿನ ತನಕ ಸರಿಯಾಗಿದ್ದವನು ಎದ್ದು ನಿಲ್ಲಲಾರದೆ ಪಕ್ಕಕ್ಕೆ ಒರಗಿದ. ಒಸಡು ಬೆಳ್ಳಗೆ ಬಿಳಿಚಿಕೊಂಡಿತ್ತು, ಹೊಟ್ಟೆ ಉಬ್ಬಿತ್ತು. ಸಣ್ಣ ಚಿಕಿತ್ಸಾಲಯದ ಮಿತಿ ಕಾಣುವುದು ಇಂಥ ಹೊತ್ತಿನಲ್ಲೇ. ರಾತ್ರಿ ಅಲ್ಲಿ ದೀಪವಿಲ್ಲ, ರಕ್ತ ಕೊಡುವ ಏರ್ಪಾಡಿಲ್ಲ. ಆದರೆ ರಾತ್ರಿಯಿಡೀ ತೆರೆದಿರುವ ತುರ್ತು ಆಸ್ಪತ್ರೆಯ ನಂಬರನ್ನು ಅವರು ಎಂದೋ ನನ್ನ ಮೊಬೈಲಿನಲ್ಲಿ ತಮ್ಮೆದುರೇ ಬರೆಸಿಟ್ಟಿದ್ದರು. ಅಲ್ಲಿ ಡ್ರಿಪ್ ಹಾಕಿ, ಸ್ಕ್ಯಾನ್ ಮಾಡಿ, ಗುಲ್ಮದಲ್ಲಿ ಗಡ್ಡೆಯಿದೆ, ಅದು ಒಡೆದು ಹೊಟ್ಟೆಯೊಳಗೆ ರಕ್ತ ಸೋರಿದೆ ಎಂದರು. ಯಕೃತ್ತಿನಲ್ಲೂ ಚುಕ್ಕೆಗಳಿದ್ದವು. ಶಸ್ತ್ರಚಿಕಿತ್ಸೆ ಬೇಕೇ ಎಂದು ಬೆಳಗಿನೊಳಗೆ ತಿಳಿಸಬೇಕಿತ್ತು.

ಬೆಳಕು ಹರಿಯುವ ಮೊದಲೇ ಡಾಕ್ಟರಮ್ಮನ ಫೋನ್ ಬಂತು. ವರದಿಯನ್ನು ತರಿಸಿಕೊಂಡು ಓದಿದ್ದರು. ಹೀಗೆ ತಾನಾಗಿ ಒಡೆದು ರಕ್ತ ಸೋರುವ ಗುಲ್ಮದ ಗಡ್ಡೆಗಳಲ್ಲಿ ಹೆಚ್ಚಿನವು ಹೆಮಾಂಜಿಯೋಸಾರ್ಕೋಮ ಎಂಬ ಕ್ಯಾನ್ಸರ್ ಆಗಿರುತ್ತವೆ ಎಂದರು. ಅದೇ ಆಗಿದ್ದರೆ, ಗುಲ್ಮವನ್ನು ತೆಗೆದರೂ ಸಾಮಾನ್ಯವಾಗಿ ಸಿಗುವುದು ಒಂದರಿಂದ ಮೂರು ತಿಂಗಳು. ಕೀಮೋಥೆರಪಿ ಸೇರಿಸಿದರೆ ಇನ್ನೂ ಸ್ವಲ್ಪ ಕಾಲ, ಅಷ್ಟೇ. ಕ್ಯಾನ್ಸರ್ ಅಲ್ಲದಿರುವ ಸಾಧ್ಯತೆಯೂ ಇದೆ, ಯಕೃತ್ತಿನ ಚುಕ್ಕೆಗಳು ಬೇರೆ ಏನೋ ಇರಬಹುದು, ಅದನ್ನು ಬಚ್ಚಿಡುವುದಿಲ್ಲ ಎಂದರು. "ನಿಮ್ಮ ನಾಯಿಯಾಗಿದ್ದರೆ?" ಎಂದು ಕೇಳಿದೆ. ಅನೇಕರು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ, ನಿರ್ಧಾರ ನಿಮ್ಮದು ಎಂದು ಹಿಂದೆ ಸರಿಯುತ್ತಾರೆ. ಅವರು ತುಸು ತಡೆದು, "ಹದಿಮೂರು ವರ್ಷದ ನಾಯಿ, ಯಕೃತ್ತಿನಲ್ಲೂ ಗುರುತು. ನನ್ನದಾಗಿದ್ದರೆ ಹೊಟ್ಟೆ ಕೊಯ್ಯಿಸುತ್ತಿರಲಿಲ್ಲ. ಆದರೆ ನೀವು ಕೊಯ್ಯಿಸಿದರೆ ನಾನೇ ಆಮೇಲಿನ ಆರೈಕೆ ನೋಡಿಕೊಳ್ಳುತ್ತೇನೆ, ತಪ್ಪು ಮಾಡಿದಿರಿ ಎಂದು ಒಂದು ದಿನವೂ ಅನ್ನುವುದಿಲ್ಲ" ಎಂದರು.

ಭೈರನನ್ನು ಅವರಲ್ಲಿಗೇ ಕರೆತಂದೆವು. ಸಹಿ, ಹಣದ ಲೆಕ್ಕ, ದೇಹವನ್ನು ಏನು ಮಾಡಬೇಕೆಂಬ ಮಾತು ಎಲ್ಲವನ್ನೂ ಮೊದಲೇ ಮುಗಿಸಿದರು, ಆಮೇಲೆ ಯಾರೂ ನಮ್ಮೆದುರು ಕಾಗದ ಹಿಡಿದು ನಿಲ್ಲಬಾರದು ಎಂದು. ಒಳಕೋಣೆಯ ನೆಲದ ಮೇಲೆ ದಪ್ಪ ಹಾಸಿಗೆ, ಅದರ ಮೇಲೆ ಒದ್ದೆ ಹೀರುವ ಹಾಳೆ. ಡಾಕ್ಟರಮ್ಮ ನೆಲದ ಮೇಲೆಯೇ ಕುಳಿತು, ಏನೇನಾಗುತ್ತದೆ ಎಂದು ಅನುಕ್ರಮವಾಗಿ ಹೇಳಿದರು. ಮೊದಲು ಮಂಪರಿನ ಚುಚ್ಚುಮದ್ದು, ಅವನು ನಿದ್ದೆಗೆ ಜಾರುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಅರಿವಿರುವುದಿಲ್ಲ, ಹೇಳುವುದೇನಾದರೂ ಇದ್ದರೆ ಅದಕ್ಕೆ ಮುಂಚೆ ಹೇಳಿ. ಆಮೇಲೆ ರಕ್ತನಾಳಕ್ಕೆ ಪೆಂಟೋಬಾರ್ಬಿಟಾಲ್. ಅದು ಅರಿವಳಿಕೆಯ ಔಷಧಿಯೇ, ಪ್ರಮಾಣ ಮಾತ್ರ ಬಹಳ ಹೆಚ್ಚು. ಒಂದೆರಡು ನಿಮಿಷದೊಳಗೆ ಉಸಿರೂ ಎದೆಬಡಿತವೂ ನಿಲ್ಲುತ್ತವೆ. ಕಣ್ಣು ತೆರೆದೇ ಇರುತ್ತದೆ, ಮುಚ್ಚುವುದಿಲ್ಲ. ಎದೆಬಡಿತ ನಿಂತ ಮೇಲೂ ಒಂದೆರಡು ಸಲ ಆಳವಾಗಿ ಉಸಿರೆಳೆದಂತೆ ಕಾಣಬಹುದು, ಸ್ನಾಯು ಅದುರಬಹುದು, ಮೂತ್ರ ಹೋಗಬಹುದು. "ಅದು ಅವನು ಒದ್ದಾಡುವುದಲ್ಲ. ದೇಹ ತನ್ನ ಪಾಡಿಗೆ ಮಾಡುವ ಕೆಲಸ. ಆಗ ಅವನು ಅಲ್ಲಿರುವುದಿಲ್ಲ."

ಸೂಜಿಗೆ ಉದ್ದನೆಯ ಕೊಳವೆ ಜೋಡಿಸಿದ್ದರು, ತಾವು ಹಿಂಗಾಲಿನ ಬಳಿ ಉಳಿದು ತಲೆಯ ಕಡೆಯನ್ನು ನಮಗೆ ಬಿಟ್ಟುಕೊಡಲು. ಅವರು ಹೇಳಿದ ಅನುಕ್ರಮದಲ್ಲೇ ಎಲ್ಲ ನಡೆಯಿತು. ಆ ಆಳವಾದ ಉಸಿರೂ ಬಂತು. ಮೊದಲೇ ಹೇಳಿರದಿದ್ದರೆ ಅವನು ಬದುಕಿದ್ದಾನೆ ಎಂದು ನಾನು ಕೂಗಿಕೊಳ್ಳುತ್ತಿದ್ದೆ, ಆ ಕೂಗು ಉಳಿದ ಜೀವಮಾನವೆಲ್ಲ ನನ್ನ ಜೊತೆ ಇರುತ್ತಿತ್ತು. ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದ ಮೇಲೆ, "ಹೋದ" ಎಂದರು. ಒಂದೇ ಶಬ್ದ. ಹಿಂದಿನ ಬಾಗಿಲಿನಿಂದ ಕಳಿಸಿದರು, ಮುಂದಿನ ಕೋಣೆಯಲ್ಲಿ ಯಾರೋ ಮರಿನಾಯಿಯ ಲಸಿಕೆಗೆ ಕಾಯುತ್ತಿದ್ದರು.

ಪ್ರಾಣಿಗಳ ಡಾಕ್ಟರ ಕರುಣೆಯ ಬಗ್ಗೆ ಮಾತನಾಡುವಾಗ ಜನ ಮೃದು ದನಿ, ಮುದ್ದಿನ ಮಾತು ಎಂದೆಲ್ಲ ಹೇಳುತ್ತಾರೆ. ಡಾಕ್ಟರಮ್ಮ ಅಷ್ಟೇನೂ ಮುದ್ದಿನ ಮನುಷ್ಯರಲ್ಲ. ತಡವಾಗಿ ಬಂದರೆ ಗದರುತ್ತಾರೆ, ನೋವಿಗೆಂದು ಮನುಷ್ಯರ ಪ್ಯಾರಾಸಿಟಮಾಲ್ ಬೆಕ್ಕಿಗೆ ಕೊಟ್ಟು ತಂದವರ ಮೇಲೆ ಕೂಗಾಡಿದ್ದನ್ನೂ ಕೇಳಿದ್ದೇನೆ. ಬೆಕ್ಕಿನ ಯಕೃತ್ತಿಗೆ ಅದನ್ನು ನಿಭಾಯಿಸುವ ಶಕ್ತಿಯಿಲ್ಲ, ಒಂದೇ ಮಾತ್ರೆ ಕೊಲ್ಲಬಹುದು. ಅವರ ಕರುಣೆಯೆಲ್ಲ ಇರುವುದು ಹೆಡ್‌ಫೋನಿನಲ್ಲಿ, ಉದ್ದನೆಯ ಕೊಳವೆಯಲ್ಲಿ, ಹಿಂದಿನ ಬಾಗಿಲಿನಲ್ಲಿ. ಅದು ಅಭ್ಯಾಸದಿಂದ ಬಂದ ಕುಶಲತೆ, ಸ್ವಭಾವದ ಮಾತಲ್ಲ ಎಂಬುದು ನನ್ನ ಅನಿಸಿಕೆ.

ಭೈರ ಹೋದ ಮೇಲೆ ಸಹಾಯಕಿ ಫೋನ್ ಮಾಡಿ ಮೊದಲು ನನ್ನನ್ನು ವಿಚಾರಿಸಿ, ಆಮೇಲೆ ಕೇಳಿದರು: "ಚಿನ್ನಿ ತಿನ್ನುತ್ತಿದ್ದಾಳೆಯೇ? ಅರ್ಧ ಬಿಡುತ್ತಿದ್ದಾಳೆಯೇ?" ಬಿಡುತ್ತಿದ್ದಳು. ಜೊತೆಯ ಪ್ರಾಣಿ ಕಾಣೆಯಾದಾಗ ಬೆಕ್ಕುಗಳು ಊಟ ತಗ್ಗಿಸುವುದುಂಟು. ಬೆಕ್ಕು ಕೆಲವು ದಿನ ಸರಿಯಾಗಿ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಇನ್ನೊಂದು ಕಾಯಿಲೆಯೇ ಶುರುವಾಗುತ್ತದೆ. ಹಸಿವು ಹೆಚ್ಚಿಸುವ ಮಿರ್ಟಾಜಪಿನ್ ಮುಲಾಮು ಬಂತು. ಕೈಗವಸು ತೊಟ್ಟು ಕಿವಿಯ ಒಳಬದಿಗೆ ಸವರಬೇಕು, ಗವಸಿಲ್ಲದಿದ್ದರೆ ಔಷಧಿ ನಮ್ಮ ಮೈಗೂ ಇಳಿಯುತ್ತದೆ. ಅವಳು ತಟ್ಟೆಗೆ ಮರಳಿದಳು.

ಈಗ ಅವಳ ಕಡತದಲ್ಲಿ ಇನ್ನೊಂದು ಹಾಳೆ ಸೇರಿದೆ. ಆಲಿಸ್ ವಿಲಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆ ರೂಪಿಸಿದ ಬದುಕಿನ ಗುಣಮಟ್ಟದ ಅಳತೆ ಅದು. ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚೇ ಎಂಬ ಏಳು ಬಾಬತ್ತು, ಒಂದೊಂದಕ್ಕೂ ಹತ್ತು ಅಂಕ. ಮೊತ್ತ 35 ದಾಟಿದರೆ ಆರೈಕೆ ಮುಂದುವರಿಸಬಹುದು. ಬೆಕ್ಕಿನ ಸಂತೋಷಕ್ಕೆ ಅಂಕ ಹಾಕುವುದು ನನಗೆ ಇಂದಿಗೂ ಹಾಸ್ಯಾಸ್ಪದವಾಗಿಯೇ ಕಾಣುತ್ತದೆ. ಆದರೂ ತಿಂಗಳಿಗೊಮ್ಮೆ ಬರೆದರೆ ಇಳಿಜಾರು ಕಣ್ಣಿಗೆ ಕಾಣುತ್ತದೆ, ದಿನಾ ನೋಡುವ ಕಣ್ಣಿಗೆ ಅದು ಕಾಣುವುದಿಲ್ಲ. ಹಾಳೆಯ ಹಿಂಬದಿಯಲ್ಲಿ ಡಾಕ್ಟರಮ್ಮ ನನ್ನಿಂದಲೇ ಬರೆಸಿದ ಮೂರು ಸಾಲುಗಳಿವೆ: ಬೆಳಗ್ಗೆ ಕಿಟಕಿಯ ಕಟ್ಟೆ, ಡಬ್ಬಿಯ ಮುಚ್ಚಳದ ಸದ್ದಿಗೆ ಓಡಿಬರುವುದು, ತನ್ನ ಮೈ ತಾನೇ ನೆಕ್ಕಿಕೊಳ್ಳುವುದು. ಇವುಗಳಲ್ಲಿ ಎರಡು ನಿಂತ ದಿನ ಕೊನೆಯ ಮಾತನ್ನು ಆಡೋಣ, ಅದಕ್ಕೆ ಮುಂಚೆ ಬೇಡ ಎಂದು ಒಪ್ಪಂದ.

ಸದ್ಯ ಮೂರೂ ನಡೆಯುತ್ತಿವೆ. ಒತ್ತಡ 140ರ ಆಸುಪಾಸಿನಲ್ಲಿದೆ, ತೂಕ ನಿಂತಿದೆ, ಕ್ರಿಯಾಟಿನಿನ್ ತುಸುವೇ ಏರಿದೆ. ಈ ಹಂತದಲ್ಲಿ ಫಾಸ್ಫರಸ್ 5ರ ಕೆಳಗಿರಬೇಕು, ಕಳೆದ ಪರೀಕ್ಷೆಯಲ್ಲಿ 5.4 ಬಂತು. ಹಾಗಾಗಿ ಆಹಾರದಲ್ಲಿನ ಫಾಸ್ಫರಸ್ಸನ್ನು ಕರುಳಿನಲ್ಲೇ ಹಿಡಿದಿಡುವ ಪುಡಿಯನ್ನು ಈ ವಾರದಿಂದ ಊಟಕ್ಕೆ ಬೆರೆಸುತ್ತಿದ್ದೇನೆ. ಚಿಟಿಕೆಯಷ್ಟು ಹಾಕಿದರೆ ತಿನ್ನುತ್ತಾಳೆ, ಅದಕ್ಕಿಂತ ಹೆಚ್ಚಾದರೆ ಮೂಸಿ ಬಿಡುತ್ತಾಳೆ. ಮುಂದಿನ ರಕ್ತಪರೀಕ್ಷೆಯ ಹೊತ್ತಿಗೆ ಪೂರ್ತಿ ಪ್ರಮಾಣಕ್ಕೆ ತರಬೇಕು.